ಕಂದಕ ಮುಚ್ಚಿದವರಿಗೆ ನೋಟಿಸು

ಚೆನ್ನೈ, ಆಗಸ್ಟ್ 2005

ಗ್ರಾಮೀಣ ರಸ್ತೆಗಳನ್ನು ನೋಡಿಕೊಳ್ಳಲು ಸಂಬಳ ಪಡೆಯುವ ಎಂಜಿನಿಯರ್ ಮಾನ್ಯರೇ,

ನೀವು ಊರ ರಸ್ತೆಗೆ ಅಡ್ಡಲಾಗಿ ಕಂದಕ ತೋಡಿಸಿದಿರಿ. ಕಾಲು ಮುರಿದುಕೊಂಡ ಹುಡುಗನನ್ನು ಆಸ್ಪತ್ರೆಗೆ ಒಯ್ಯಲು ನಾವು ಅದನ್ನು ಮುಚ್ಚಿದೆವು. ಈಗ ನಿಮ್ಮ ಕಚೇರಿಯಿಂದ ನನಗೂ ಮೇಲ್ಕುರುವಿ ಗ್ರಾಮದ ಹನ್ನೊಂದು ಜನರಿಗೂ ನೋಟಿಸು ಬಂದಿದೆ. ಸರ್ಕಾರಿ ಕಾಮಗಾರಿಗೆ ಹಾನಿ ಮಾಡಿದ್ದಕ್ಕಾಗಿ ನಮ್ಮ ಮೇಲೆ ಕ್ರಮ ಯಾಕೆ ಕೈಗೊಳ್ಳಬಾರದು ಎಂದು ಕೇಳಿದ್ದೀರಿ. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಕಳೆದ ನಾನು ಸರ್ಕಾರದ ನಾನಾ ಬಗೆಯ ಆಸ್ತಿಗಳನ್ನು ಕಂಡಿದ್ದೇನೆ. ಒಂದು ಗುಂಡಿ ಆಸ್ತಿಯಾಗಬಹುದು, ಅದರ ಎರಡೂ ಕಡೆ ಇರುವ ರಸ್ತೆ ಮಾತ್ರ ಯಾರದ್ದೂ ಅಲ್ಲದಿರಬಹುದು ಎಂಬುದು ನಿಮ್ಮಿಂದ ಕಲಿತದ್ದು.

ಈ ಪತ್ರ ಕನ್ನಡದಲ್ಲಿ ಯಾಕಿದೆ ಎಂದು ನಿಮ್ಮ ಗುಮಾಸ್ತರು ಕೇಳಬಹುದು. ತಮಿಳಿನಲ್ಲಿ ಬರೆದದ್ದನ್ನು ನೀವು ಓದಲಿಲ್ಲ, ಇಂಗ್ಲಿಷಿನಲ್ಲಿ ಬರೆದದ್ದನ್ನೂ ಓದಲಿಲ್ಲ. ಓದುವುದಿಲ್ಲವೆಂಬುದು ಖಾತ್ರಿಯಾದ ಮೇಲೆ ನನಗೆ ಬೈಯಲು ಸಲೀಸಾದ ಭಾಷೆಯಲ್ಲೇ ಬರೆಯುವುದು ವಾಸಿಯಲ್ಲವೇ? ನಮ್ಮ ಮನೆತನ ಮದರಾಸಿಗೆ ಬಂದು ನಾಲ್ಕು ತಲೆಮಾರಾಯಿತು. ಅಡುಗೆಮನೆಯ ಮಾತಿಗೂ ತಮಿಳು ಬೆರೆತಿದೆ, ಸಿಟ್ಟು ಮಾತ್ರ ಇನ್ನೂ ಕನ್ನಡದಲ್ಲೇ ಬರುತ್ತದೆ. ಇಲ್ಲಿನ ಕನ್ನಡ ಸಂಘದ ಪತ್ರಿಕೆ ಇದನ್ನು ಅಚ್ಚು ಹಾಕುತ್ತಿದೆ. ತರ್ಜುಮೆ ಮಾಡಿಸಿಕೊಳ್ಳುವ ಹೊಣೆ ನಿಮ್ಮದು.

ನನ್ನ ಪರಿಚಯ ಹೇಳಬೇಕು, ಏಕೆಂದರೆ ನಿಮ್ಮ ನೋಟಿಸಿನಲ್ಲಿ ನನ್ನನ್ನು 'ಹೊರಗಿನ ವಾಹನದ ಚಾಲಕ' ಎಂದಷ್ಟೇ ಕರೆದಿದ್ದೀರಿ. ನಾನು ಟಿ. ನಗರದಲ್ಲಿರುವ, ಐವತ್ತು ದಾಟಿದ, ಸ್ವಯಂ ನಿವೃತ್ತಿ ಪಡೆದ ಬ್ಯಾಂಕ್ ಅಧಿಕಾರಿ. ನನ್ನ ಯಜಮಾನರು ಕಮಲಾಕರ ಅವರು ಹುಮ್ಮಸ್ಸಿನಲ್ಲಿ ಒಂದು ಹಳೇ ಜೀಪು ಕೊಂಡು, ಓಡಿಸಲು ಹೆದರಿ ಮನೆಮುಂದೆ ನಿಲ್ಲಿಸಿದ್ದರು. ನಮ್ಮ ಮಗಳು ಸಂಹಿತಾ ಕಾಲೇಜಿನಲ್ಲಿದ್ದಾಗ ಬಂಡೆ ಹತ್ತುವ ಹುಚ್ಚು ಹತ್ತಿಸಿಕೊಂಡಳು. ಒಳ್ಳೆಯ ಬಂಡೆಗಳಿರುವ ಕಡೆ ಬಸ್ಸು ಹೋಗುವುದಿಲ್ಲ. ಬೇಡ ಎಂದರೆ ಕೇಳುವವಳಲ್ಲ. ಹಾಗಾಗಿ ಜೀಪು ನಾನು ಕಲಿತೆ. ತೊಂಬತ್ತೊಂಬತ್ತರಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ಬೆಳಿಗ್ಗೆ, ನಮ್ಮ ಬೀದಿಯ ಜವಳಿ ಅಂಗಡಿಗಳು ಬಾಗಿಲು ತೆಗೆಯುವ ಮೊದಲೇ, ಹಗ್ಗ, ಹೆಲ್ಮೆಟ್ಟು, ಮೊಸರನ್ನದ ಡಬ್ಬಿ, ನಾಲ್ಕೈದು ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೊರಡುತ್ತಿದ್ದೆ. ಮಾಧವರಂ ದಾಟಿದ ಮೇಲೆ ಕಾಫಿ, ಆಮೇಲೆ ನಿಮ್ಮ ಸಾಮ್ರಾಜ್ಯ.

ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದಲ್ಲಿ ನಿಮ್ಮ ಇಲಾಖೆಯ ಹಳದಿ ಫಲಕವಿದೆ, 'ಸುಧಾರಿತ ರಸ್ತೆ' ಎಂದು. ಸುಧಾರಣೆ ಆ ಫಲಕದ ಬುಡದಲ್ಲೇ ಮುಗಿಯುತ್ತದೆ. ಅಲ್ಲಿಂದ ನಮ್ಮ ಹುಡುಗರು ಹತ್ತುವ ಕುರುವಿಮಲೆ ಬೆಟ್ಟದವರೆಗೆ ಕೆಂಪು ಮಣ್ಣು. ಬೇಸಿಗೆಯಲ್ಲಿ ಎತ್ತಿನ ಗಾಡಿಯ ಜಾಡು ಒಣಗಿ ಕಲ್ಲಾಗಿರುತ್ತದೆ. ಒಂದು ಚಕ್ರ ದಿಣ್ಣೆಯ ಮೇಲೆ, ಇನ್ನೊಂದು ಹಳ್ಳದಲ್ಲಿ, ಪಕ್ಕದಲ್ಲಿ ಕೂತವರು ನನ್ನ ಭುಜದ ಮೇಲೆ. ದೀಪಾವಳಿ ಹೊತ್ತಿನ ಮಳೆ ಬಿದ್ದರೆ ಕೆರೆ ಏರಿಯ ಮೇಲೆ ಗಾಡಿ ನಾನು ತಿರುಗಿಸಿದ ಕಡೆ ಹೋಗುವುದಿಲ್ಲ, ತನಗೆ ತೋಚಿದ ಕಡೆ ಹೋಗುತ್ತದೆ. ಮೊದಲ ಗೇರಿನಲ್ಲಿ, ಬ್ರೇಕು ತುಳಿಯದೆ, ಉಸಿರು ಬಿಗಿಹಿಡಿದು ಹೋಗುವುದನ್ನು ಕಲಿತೆ. ಅದರ ಬಗ್ಗೆ ನನ್ನ ದೂರಿರಲಿಲ್ಲ. ಮಣ್ಣು ರಸ್ತೆ ಮಣ್ಣಾಗಿರುವುದು ಅದರ ಧರ್ಮ. ನಾನು ಕೇಳಿದ್ದು ಒಂದೇ. ಊರಿಗೆ ಮೊದಲು ಸಿಗುವ ಮೋರಿ ಕುಸಿದಿದೆ, ಮಾಧವರಂ ಡೈರಿಗೆ ಹಾಲು ಒಯ್ಯುವ ವ್ಯಾನು ಒಂದು ದಿನ ಅದರೊಳಗೆ ಬೀಳುತ್ತದೆ, ರಿಪೇರಿ ಮಾಡಿಸಿ ಎಂದು. ಖುದ್ದಾಗಿಯೂ ಬಂದೆ. ಬಂದಾಗಲೆಲ್ಲ ನಿಮ್ಮ ಪ್ಯೂನು, "ಸಾಹೇಬರು ಸೈಟಿಗೆ ಹೋಗಿದ್ದಾರೆ" ಎಂದ. ಜಿಲ್ಲೆಯ ಎಷ್ಟೋ ರಸ್ತೆಗಳಲ್ಲಿ ಓಡಾಡಿದ್ದೇನೆ, ಆ ಸೈಟು ಯಾವುದೆಂದು ಇಂದಿಗೂ ಗೊತ್ತಾಗಿಲ್ಲ.

ಕೊನೆಗೂ ನಿಮ್ಮಿಂದ ಉತ್ತರ ಬಂತು, ಕಾಗದದಲ್ಲಲ್ಲ, ಜೆಸಿಬಿಯಲ್ಲಿ.

ಜೂನ್ ತಿಂಗಳ ಆ ಭಾನುವಾರ ಬೆಳಿಗ್ಗೆ ನಾವು ಹೋದಾಗ ರಸ್ತೆ ಎಂದಿನಂತೆಯೇ ಇತ್ತು. ಸಂಹಿತಾಳ ಜೊತೆ ಹಗ್ಗ ಹಂಚಿಕೊಳ್ಳುವವನು ಮೋಹನ್, ಮೈಸೂರಿನ ಕಡೆಯವನು, ಇಲ್ಲಿನ ಮೋಟಾರು ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಳ್ಳೆಯ ಹುಡುಗ, ಎಚ್ಚರಿಕೆಯವನು. ಅವನು ಮೇಲಿದ್ದಾಗ ಹಿಡಿದ ಕಲ್ಲಿನ ಪದರ ಕಿತ್ತು ಬಂತು. ಹಗ್ಗ ಅವನನ್ನು ತಡೆಯಿತು, ಆದರೆ ಅವನು ಜೋಲಿ ಹೊಡೆದು ಪಕ್ಕದ ಬಂಡೆಗೆ ಅಪ್ಪಳಿಸಿದ. ಮೊಣಕಾಲಿನ ಕೆಳಗೆ ಎಲುಬು ಮುರಿದು ಚರ್ಮ ಸೀಳಿ ಹೊರಗೆ ಬಂದಿತ್ತು. ನನ್ನ ಮಗಳು ಅವನನ್ನು ಕೆಳಗಿಳಿಸಿದ ರೀತಿ ನೋಡಿ, ಇಷ್ಟು ದಿನ ಸುಮ್ಮನೆ ಹೆದರಿದ್ದೆ ಅನ್ನಿಸಿತು. ಗಾಯಕ್ಕೆ ಬಟ್ಟೆ ಸುತ್ತಿ, ಎರಡು ಬಿದಿರಿನ ಗಳಗಳ ನಡುವೆ ಕಾಲು ಕಟ್ಟಿ ಜೀಪಿನಲ್ಲಿ ಮಲಗಿಸಿದರು.

"ಆಂಟಿ, ನಿಧಾನ ಆದ್ರೂ ಪರವಾಗಿಲ್ಲ, ಕುಲುಕಬೇಡಿ" ಎಂದ ಮೋಹನ್. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಅಮ್ಮ, ಮೋರಿ ಹತ್ರ ಸ್ಲೋ ಆಗಿ ಹೋಗು, ಪ್ಲೀಸ್" ಎಂದಳು ಸಂಹಿತಾ.

ಮೋರಿಯ ಹತ್ತಿರ ಹೋಗಬೇಕಲ್ಲ. ಊರು ದಾಟಿದ ಮೇಲೆ, ಮೋರಿಗಿಂತ ಈಚೆಗೆ, ರಸ್ತೆಯೇ ಇರಲಿಲ್ಲ. ಆಳೆತ್ತರದ ಕಂದಕ, ಆಚೆ ದಡದಲ್ಲಿ ಹಳದಿ ಯಂತ್ರ, ಅದರ ನೆರಳಿನಲ್ಲಿ ಕೊಡೆ ಹಿಡಿದ ನಿಮ್ಮ ಕಿರಿಯ ಎಂಜಿನಿಯರು. ಭಾನುವಾರ ದುಡಿಯುವ ಸರ್ಕಾರಿ ಕಚೇರಿಯನ್ನು ನಾನು ಅಂದೇ ಮೊದಲ ಸಲ ನೋಡಿದ್ದು.

"ರಸ್ತೆ ಕ್ಲೋಸ್ ಆಗಿದೆ ಮೇಡಂ" ಎಂದರು ಅವರು. "ಮೋರಿ ಅಪಾಯ ಅಂತ ದೂರು ಬಂದಿತ್ತು. ಸಾರ್ವಜನಿಕರ ಸುರಕ್ಷತೆಗೆ."

"ಆ ದೂರು ಕೊಟ್ಟವಳೇ ನಾನು. ಗಾಡಿಯಲ್ಲಿ ಕಾಲು ಮುರಿದ ಹುಡುಗ ಇದ್ದಾನೆ. ಸ್ವಲ್ಪ ಮಣ್ಣು ತಳ್ಳಿಸಿ, ದಾಟಿಕೊಳ್ಳುತ್ತೇವೆ."

ಅವರು ಈಚೆ ಬಂದು ಜೀಪಿನೊಳಗೆ ಇಣುಕಿದರು. ರಕ್ತ ಕಂಡು ಮುಖ ತಿರುಗಿಸಿದರು. "ತೋಡುವುದಕ್ಕೆ ಆರ್ಡರ್ ಇದೆ ಮೇಡಂ. ಮುಚ್ಚುವುದಕ್ಕೆ ಇಲ್ಲ."

"ಯಾರನ್ನು ಕೇಳಬೇಕು?"

"ಇ.ಇ. ಸಾರ್ ಅವರನ್ನು."

ಇ.ಇ. ಸಾರ್ ಅಂದರೆ ನೀವು. ನಿಮಗೆ ಫೋನ್ ಮಾಡಿಸಿದೆ, ಒಂದಲ್ಲ ಹಲವು ಸಲ. ನೀವು ಎತ್ತಲಿಲ್ಲ. ಹುಡುಗನನ್ನು ಹೊತ್ತು ದಾಟಿಸೋಣವೆಂದರೆ ಆಚೆ ಆ ಯಂತ್ರದ ಹೊರತು ಬೇರೆ ಗಾಡಿಯಿರಲಿಲ್ಲ. ಯಂತ್ರದ ಚಾಲಕ ತಾನೇ ಮುಂದೆ ಬಂದು, ಒಂದು ಗಳಿಗೆಯ ಕೆಲಸ ಸಾರ್, ತಳ್ಳಿಬಿಡುತ್ತೇನೆ ಎಂದ. ತಳ್ಳಿದರೆ ಇವತ್ತಿನ ಬಿಲ್ಲಿಗೆ ಸಹಿ ಹಾಕುವುದಿಲ್ಲ ಎಂದು ನಿಮ್ಮವರು ಅವನನ್ನು ಕೂರಿಸಿದರು. ಕಂದಕ ತೋಡುವಾಗ ಅದರಾಚೆ ಊರೊಂದಿದೆ, ಅಲ್ಲಿ ಜನರಿಗೆ ಹೊಟ್ಟೆನೋವು, ಹೆರಿಗೆ, ಹಾವು ಕಡಿತ ಎಂಬವು ಉಂಟು ಎಂದು ಯಾರಿಗೂ ಹೊಳೆಯಲಿಲ್ಲವೇ? ಅಥವಾ ಹೊಳೆಯುವುದಕ್ಕೂ ನಿಮ್ಮಲ್ಲಿ ಆರ್ಡರ್ ಬೇಕೇ?

ಅಷ್ಟು ಹೊತ್ತಿಗೆ ಊರಿನವರು ಸೇರಿದ್ದರು. ಅವರಲ್ಲಿ ಅಂಜಲೈ ಎಂಬಾಕೆ ಊರಿನ ಹಾಲು ಕೂಡಿಸಿ ಡೈರಿ ವ್ಯಾನಿಗೆ ತುಂಬಿಸುವವಳು. ಬಾಯಿ ಜೋರು, ನಮ್ಮ ಹುಡುಗರು ಬಂಡೆಗೆ ಜೋತುಬಿದ್ದಾಗಲೆಲ್ಲ ಕೆಳಗೆ ನಿಂತು ನಗುತ್ತಿದ್ದವಳು. ಅಂದು ನಗಲಿಲ್ಲ. ಜೀಪಿನೊಳಗೆ ನೋಡಿದಳು, ನಿಮ್ಮ ಎಂಜಿನಿಯರನ್ನು ನೋಡಿದಳು.

"ಸಾರ್, ನಾವು ಮುಚ್ಚಿದರೆ ನಿಮಗೆ ಆರ್ಡರ್ ಬೇಕಾ?" ಎಂದಳು ತಮಿಳಿನಲ್ಲಿ.

"ಅದು ಅಪರಾಧ ಆಗುತ್ತೆ ಅಮ್ಮ."

"ಆಗಲಿ" ಎಂದು ಸೀರೆ ಎತ್ತಿ ಕಟ್ಟಿದಳು.

ಅವಳ ಹಿಂದೆ ಅವಳ ನಾದಿನಿ, ಆಮೇಲೆ ಗುದ್ದಲಿ ಬಾಣಲಿ ಹಿಡಿದು ಉಳಿದವರು. ಸಂಹಿತಾ ಮತ್ತು ಅವಳ ಗೆಳೆಯರು ಕಲ್ಲು ಹೊತ್ತರು. ನಾನು ಮೋಹನನ ತಲೆ ಹಿಡಿದು ಕೂತೆ. ಅವನು ಮೊದಮೊದಲು ಮಾತಾಡುತ್ತಿದ್ದ, ಅವನ ಅಮ್ಮನಿಗೆ ಈಗಲೇ ಹೇಳಬೇಡಿ ಎಂದ. ಆಮೇಲೆ ಹಲ್ಲು ಕಚ್ಚಿಕೊಂಡು ನರಳುವುದಷ್ಟೇ ಉಳಿಯಿತು. ಬಿಸಿಲು ಇಳಿಯುವಷ್ಟರಲ್ಲಿ ಜೀಪು ಹಾಯುವಷ್ಟು ದಾರಿಯಾಯಿತು. ಕೊಡೆಯ ಕೆಳಗೆ ನಿಂತಿದ್ದವರು ಅಷ್ಟು ಹೊತ್ತೂ ಮುಚ್ಚಿದವರ ಹೆಸರು ಬರೆದುಕೊಳ್ಳುತ್ತಿದ್ದರು. ಕೆಲಸ ಎಂದರೆ ನಿಮ್ಮ ಇಲಾಖೆಗೆ ಗೊತ್ತಿರುವುದು ಅಷ್ಟೇ ಇರಬೇಕು. ಸಡಿಲ ಮಣ್ಣಿನ ಮೇಲೆ ಗಾಡಿ ಒಂದು ಪಕ್ಕಕ್ಕೆ ಜಾರಿದಾಗ ಮೋಹನ್ ಹಾಕಿದ ಕೂಗು ನಿಮ್ಮವರಿಗೂ ಕೇಳಿಸಿತು. ನೀವು ಅಪಾಯವೆಂದು ಸಾರಿದ ಆ ಮುರುಕು ಮೋರಿಯನ್ನು ನಾನು ಆಮೇಲೆ ಎಂದಿನಂತೆ ದಾಟಿದೆ.

ಚೆನ್ನೈಯ ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದರು. ಗಾಯದಲ್ಲಿ ಮಾತ್ರ ಕೀವಾಯಿತು, ಎರಡನೇ ಸಲ, ಮೂರನೇ ಸಲ ಕೊಯ್ದರು. ಇನ್ನೂ ಬೇಗ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಡಾಕ್ಟರು. ಕಾಲು ಉಳಿದಿದೆ, ಪಾದ ಬಾಗುವುದಿಲ್ಲ. ಬಂಡೆಯಿಂದ ಬಿದ್ದದ್ದು ಅವನ ಆಯ್ಕೆಯ ಫಲ, ಅದನ್ನು ಅವನೇ ಹೇಳುತ್ತಾನೆ. ಆದರೆ ಕಂದಕದ ದಡದಲ್ಲಿ ಕಳೆದ ಮಧ್ಯಾಹ್ನ ಯಾರ ಆಯ್ಕೆ? ಬಂಡೆ ಹತ್ತಿದರೆ ಏನು ಸಿಗುತ್ತದೆ ಎಂದು ನಿಮ್ಮ ಎಂಜಿನಿಯರು ಅಂದು ನನ್ನನ್ನು ಕೇಳಿದ್ದರು. ಆಗ ಉತ್ತರಿಸುವ ಮನಸ್ಸಿರಲಿಲ್ಲ, ಈಗ ಹೇಳುತ್ತೇನೆ: ಅರ್ಜಿ ಕೊಡದೆ ಮೇಲಕ್ಕೆ ಹೋಗಬಹುದಾದ ಜಾಗ ನಿಮ್ಮ ಜಿಲ್ಲೆಯಲ್ಲಿ ಅದೊಂದೇ.

ಮಾರನೆಯ ವಾರ ಕಂದಕವನ್ನು ಮತ್ತೆ ತೋಡಿಸಿದಿರಿ, ಈ ಸಲ ಇನ್ನೂ ಅಗಲ. ಮೋರಿಗೆ ಸಿಗದ ಶ್ರದ್ಧೆ ಗುಂಡಿಗೆ ಸಿಕ್ಕಿತು. ಹಾಲಿನ ವ್ಯಾನು ಈಗ ಆಚೆಯಿಂದಲೇ ಹಾರ್ನ್ ಮಾಡಿ ಹೊರಟುಹೋಗುತ್ತದೆ. ಹೆಂಗಸರು ಕ್ಯಾನು ತಲೆಯ ಮೇಲಿಟ್ಟು ಇಳಿದು ಹತ್ತುತ್ತಾರೆ, ತಡವಾದ ದಿನ ಹಾಲು ಒಡೆಯುತ್ತದೆ. ಇದು ಯಾವ ಸಾರ್ವಜನಿಕರ ಸುರಕ್ಷತೆ, ಮಾನ್ಯರೇ? ಆ ಹೆಂಗಸರು ನಿಮ್ಮ ಲೆಕ್ಕದ ಸಾರ್ವಜನಿಕರಲ್ಲವೇ?

ನನ್ನ ಬೇಡಿಕೆಗಳು ಕಷ್ಟದವಲ್ಲ. ಊರಿನವರ ಮೇಲಿನ ನೋಟಿಸು ಹಿಂದಕ್ಕೆ ತೆಗೆದುಕೊಳ್ಳಿ. ನನ್ನದು ಬೇಕಾದರೆ ಇರಲಿ, ನನಗೆ ಬಿಡುವಿದೆ. ಕಂದಕ ಮುಚ್ಚಿಸಿ, ಮೋರಿ ಕಟ್ಟಿಸಿ. ಅದಕ್ಕೂ ಮುನ್ನ ಒಮ್ಮೆ ಆ ರಸ್ತೆಗೆ ಬಂದು ನೋಡಿ.

ಬುಧವಾರ ನಿಮ್ಮ ಕಚೇರಿಯಲ್ಲಿ ವಿಚಾರಣೆ ಇಟ್ಟಿದ್ದೀರಿ. ಊರಿನವರನ್ನೆಲ್ಲ ನಾನೇ ಎರಡು ಸರದಿಯಲ್ಲಿ ಕರೆತರುತ್ತೇನೆ. ಹೋದ ವಾರ ಅಂಜಲೈ ಹೆದ್ದಾರಿಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದಳು.

"ಅಮ್ಮಾ, ಅಲ್ಲಿ ಏನು ಹೇಳಬೇಕು? ತಪ್ಪಾಯಿತು ಅನ್ನಬೇಕಾ?"

"ತಪ್ಪು ಅಂತ ನಿನಗೆ ಅನ್ನಿಸುತ್ತದಾ?"

"ಇಲ್ಲ. ಇನ್ಯಾರಾದರೂ ಹಾಗೆ ಬಂದು ನಿಂತರೆ ಮತ್ತೆ ಮುಚ್ಚುತ್ತೇವೆ."

ಹಾಗೆಯೇ ಹೇಳು ಎಂದಿದ್ದೇನೆ. ಬುಧವಾರ ನಿಮ್ಮೆದುರು ಅವಳು ಹೇಳುವುದು ಇಷ್ಟೇ. ಅಂದು ದಯಮಾಡಿ ಸೈಟಿಗೆ ಹೋಗಬೇಡಿ. ನಮಗೆಲ್ಲ ಕುರ್ಚಿ ಹಾಕಿಸಿ, ಕೂತು ಕೇಳಿ.

ಇಂತಿ,
ಸರ್ಕಾರದ ಗುಂಡಿಗೆ ಮಣ್ಣು ಹಾಕಿದ ಹನ್ನೆರಡು ಆರೋಪಿಗಳಲ್ಲಿ ಜೀಪು ಓಡಿಸುವವಳು,
ಜಯಲಕ್ಷ್ಮೀ ಕಮಲಾಕರ
ಟಿ. ನಗರ, ಚೆನ್ನೈ