ಸಾಲಿನ ತುದಿಯ ಗುಲಾಬಿ

ಲೊಟ್ ನದಿಯ ದಡ, ಫ್ರಾನ್ಸ್, ಮೇ ತಿಂಗಳು

ಅಕ್ಕಾ,

ನಮ್ಮ ದ್ರಾಕ್ಷಿ ಬಳ್ಳಿಗಳನ್ನು ಯಂತ್ರ ಕೀಳುವಾಗ ನಾನು ಎದುರಿಗಿರಬಾರದೆಂದು ನೀನು ಸೈಕಲ್ ಹತ್ತಿಸಿ ಕಳಿಸಿದೆ. ಆರಾಮಾಗಿ ತುಳಿಯುತ್ತ ಇಷ್ಟು ದೂರ ಬಂದರೆ, ಈ ಕಣಿವೆಯ ವೈನನ್ನೂ ಕೇಳುವವರಿಲ್ಲವಂತೆ, ಇಲ್ಲೂ ಕಿತ್ತಿದ್ದಾರೆ. ಗುಲಾಬಿ ಗಿಡಗಳು ಮಾತ್ರ ಉಳಿದಿವೆ. ರೋಗ ಬಳ್ಳಿಗಿಂತ ಮೊದಲು ಅವಕ್ಕೆ ತಗುಲಿ ನಮಗೆ ಸುಳಿವು ಸಿಗಲೆಂದು ಸಾಲಿನ ತುದಿಗೆ ನೆಡುತ್ತೇವಲ್ಲ, ಅವೇ. ಮೈತುಂಬ ಹೂ ಬಿಟ್ಟು ನಿಂತಿವೆ, ಹಿಂದೆ ಬರೀ ಮಣ್ಣು.

ಕುಡಿಯಲು ನೀರು ಕೊಟ್ಟ ಆ ತೋಟದ ಮುದುಕಿಯನ್ನು, "ಇವನ್ನ್ಯಾಕೆ ಬಿಟ್ರಿ?" ಎಂದು ಕೇಳಿದೆ.

"ಬಳ್ಳಿ ಕಿತ್ತಿದ್ದಕ್ಕೇ ನಮ್ಮೆಜಮಾನ್ರು ಊಟ ಬಿಟ್ಟು ಮಲಗಿಬಿಟ್ರು. ಇದನ್ನೂ ಕೀಳಿ ಅಂತ ಯಾವ ಬಾಯಲ್ಲಿ ಹೇಳ್ಲಪ್ಪ? ನಿಮ್ಮಂಥ ಸೈಕಲ್‌ನೋರು ನಿಂತು ಫೋಟೋ ತಗೊಳ್ತಾರೆ, ಚೆಂದ ಇದೆಯಂತೆ. ನೀವೂ ತಗೊಳ್ಳಿ."

ನಮ್ಮಲ್ಲೂ ಬಳ್ಳಿ ಕೀಳುತ್ತಿದ್ದಾರೆಂದು ಅವಳಿಗೆ ಹೇಳಲಿಲ್ಲ.

ಮೊಣಕಾಲು ನೋವು ಪರವಾಗಿಲ್ಲ, ನೀನು ಕೊಟ್ಟ ಮುಲಾಮು ಮುಗಿಯಿತು. ಈ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಯಂತ್ರದವನು ಇನ್ನೂ ಅಲ್ಲೇ ಇದ್ದರೆ ನಮ್ಮ ಗುಲಾಬಿಗಳನ್ನೂ ಕೀಳಿಸಿಬಿಡು. ಅಪ್ಪ ನೆಟ್ಟದ್ದೆಂದು ಒಂದನ್ನೂ ಉಳಿಸಬೇಡ.

ನಿನ್ನ ತಮ್ಮ
ತಿಬೋ