ಎರೆಹೊಲಕ್ಕೆ ಹೋದ ಗಿರಣಿ

ನನ್ನ ಮಕ್ಕಳ ತಂದೆಯವರಿಗೆ,

ನಮ್ಮ ಹತ್ತಿ ಗಿರಣಿಯ ಬಾಯ್ಲರಿಗೆ ಮೊದಲ ಸಲ ಬೆಂಕಿ ಹಾಕಿದ ಸಂಜೆ ನೆನಪಿದೆಯೇ? ನೀವು ಮನೆಯ ಕಟ್ಟೆಯ ಮೇಲೆ ಕುಳಿತು, ಬಂದವರಿಗೆಲ್ಲ ಪಡುವಣದ ಚಿಮಣಿ ತೋರಿಸುತ್ತಿದ್ದಿರಿ. ಗಿರಣಿ ಮನೆಯ ಕಣ್ಣೆದುರೇ ಇರಬೇಕೆಂಬುದು ನಿಮ್ಮ ಹಟ. ಬಾಗಿಲ ಮರೆಯಿಂದ ನಾನು ಅಂದಿದ್ದೆ: "ಹಂಗಾಮಿನಾಗ ಗಾಳಿ ಪಡುವಲದಿಂದ ಬೀಸತೈತಿ. ಮನಿ ಪಡುವಲಕ್ಕ ಯಾರರ ಕಣ ಮಾಡತಾರೇನ್ರಿ? ತೂರಿದ ಹೊಟ್ಟು ಬಂದು ಒಲಿಗೇ ಬೀಳತೈತಿ."

"ಹೊಟ್ಟು ಅಡ್ಡ ಹಾರತೈತಿ, ಹೊಗಿ ಮ್ಯಾಲ ಹೋಗತೈತಿ. ಸಾಲಿ ಕಲ್ತಾಕಿ, ಇಷ್ಟೂ ತಿಳಿಯಂಗಿಲ್ಲೇನ?" ಎಂದಿರಿ. ಬಂದವರೆಲ್ಲ ನಕ್ಕರು.

ನಿಮ್ಮ ಕೊನೆಯ ಬೇಸಿಗೆಯಲ್ಲಿ ನೀವು ಮಲಗಿದ್ದ ಕೋಣೆಯ ಕಿಟಕಿಗಳಿಗೆ ಒದ್ದೆ ಧೋತರ ಕಟ್ಟಿಸಿದ್ದೆ. ಸಂಜೆಯ ಹೊತ್ತಿಗೆ ಅವು ಮಸಿಬಟ್ಟೆಯಾಗುತ್ತಿದ್ದವು. ಎದೆಬೇನೆ ಎಂದರು ಡಾಕ್ಟರು. ಅದು ಯಾವ ದಿಕ್ಕಿನಿಂದ ಬಂತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನೀವು... ಇರಲಿ. ಈಗ ಅದೇ ಕೋಣೆಯಲ್ಲಿ ಮಗ ಮಲ್ಲಪ್ಪನ ಮಗಳು ಶಾಂತಾ ಕೆಮ್ಮುತ್ತಾಳೆ.

ಈ ವರ್ಷ ಹಳೆಯ ಬಾಯ್ಲರು ಕೆಟ್ಟು ನಿಂತಿತು. ಹೊಸದನ್ನು ಅಲ್ಲಿ ಕೂರಿಸಕೂಡದು, ಗಿರಣಿಯೇ ಊರ ಮೂಡಣಕ್ಕೆ ಹೋಗಬೇಕು ಎಂದೆ. ಮಲ್ಲಪ್ಪ ಎದುರಾಡಲಿಲ್ಲ. ಗದಗ ರಸ್ತೆಯಲ್ಲಿ, ಹುಬ್ಬಳ್ಳಿ ಮುಗಿಯುವಲ್ಲಿ, ನಮ್ಮದೇ ಒಂದು ಜಾಗ ಹೇಳಿದ. ಚಕ್ಕಡಿ ಹೂಡಿಸಿ ನೋಡಲು ಹೋದೆ. ಬೇಲಿಯಾಚೆ ಮೂಡಣಕ್ಕೆ ನಮ್ಮ ಗಿರಣಿಯ ಆಳುಗಳ ಗುಡಿಸಲುಗಳು. ಹತ್ತಿ ಬುಟ್ಟಿ ಹೊರುವ ಫಕೀರವ್ವ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಎದುರಿಗೆ ಬಂದಳು.

"ಬರ್ರಿ ಅವ್ವಾರ. ನಿಮ್ಮ ಮನ್ಯಾಗಿನ ಕೆಮ್ಮು ನಮಗ ಉಡಿ ತುಂಬಾಕ ಬಂದೀರೇನ್ರಿ?"

ಸುತ್ತಲಿನ ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು.

"ನಾಲಿಗಿ ಬಿಗಿ ಹಿಡಿ," ಎಂದೆ.

"ಹಿಡೀತೇನ್ರಿ. ಆದ್ರ ಉಸರು ಹೆಂಗ ಹಿಡೀಲ್ರೀ?"

ನನಗೆ ಎದುರುತ್ತರ ಕೊಟ್ಟವರು ಈ ಊರಲ್ಲಿ ನೀವೊಬ್ಬರೇ ಇದ್ದಿರಿ. ಮೈಯೆಲ್ಲ ಉರಿಯಿತು. ಆದರೆ ಕೂಸು ಶಾಂತಾಳ ಹಾಗೆಯೇ ಉಸಿರಾಡುತ್ತಿತ್ತು, ಸಣ್ಣಗೆ, ಬಾಯಿ ತೆರೆದು. ಹೊಟ್ಟು ಯಾರ ಒಲೆಗೂ ಬೀಳಬಾರದೆಂದು ಜಾಗ ನೋಡಿ ಕಣ ಮಾಡುವ ಮನೆತನ ನಮ್ಮದು. ನಮ್ಮ ಒಲೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಸಾಕೇ? ಚಕ್ಕಡಿ ತಿರುಗಿಸಲು ಹೇಳಿದೆ.

ಆ ಗುಡಿಸಲುಗಳನ್ನೂ ದಾಟಿ, ಮುಂದೆ ಮನೆಗಳೇ ಇಲ್ಲದ ಜಾಗ ನಮಗೆ ಒಂದೇ ಇದೆ: ನಿಮ್ಮನ್ನು ಮಣ್ಣು ಮಾಡಿದ ಎರೆಹೊಲ.

"ಅಪ್ಪನ ಗದ್ದಿಗಿ ಮ್ಯಾಲ ಮಸಿ ಸುರಸ್ತಿಯೇನವ್ವಾ?" ಎಂದು ಮಲ್ಲಪ್ಪ ಅತ್ತುಬಿಟ್ಟ.

"ಸತ್ತವರಿಗೆ ಉಸರಿನ ಹಂಗಿಲ್ಲ. ಪಾಯಾ ತಗಸು," ಎಂದೆ. ಅಷ್ಟು ಹೇಳಿ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿನ್ನೆ ಪಾಯ ತೋಡಿದರು. ನಿಮ್ಮ ಬಾಳಿನಲ್ಲಿ ನಿಮ್ಮನ್ನು ಕೇಳದೆ ನಾನು ಏನಾದರೂ ಮಾಡಿದ್ದುಂಟೇ? ಸಿಟ್ಟು ಬಂದರೆ ಬರಲಿ. ಪ್ರತಿ ಸೋಮವಾರ ನಾನೇ ಬಂದು ನಿಮ್ಮ ಕಲ್ಲು ತೊಳೆಯುತ್ತೇನೆ. ಕೈ ಸಾಗದಾದ ಮೇಲೆ ನಿಮ್ಮ ಎಡಕ್ಕೆ ಮಲಗಲು ಬರುತ್ತೇನೆ. ಪಾಯದ ಗೆರೆ ಹಾಕುವಾಗ ಅಷ್ಟು ಜಾಗ ಬಿಡಿಸಿದ್ದೇನೆ.