ರಾಯಾಪುರ ದಾಟಿದ ಮೇಲೆ

೧೭ ಜೂನ್, ಮಂಗಳವಾರ

ಇವತ್ತು ಆಶೀಷನನ್ನು ಧಾರವಾಡದಲ್ಲಿ ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರಿಸಿ ಬಂದೆ. ಹೋಗುವಾಗ ರಾಯಾಪುರದಲ್ಲಿ, "ಗಾಡಿ ನಿಲ್ಲಸ್ರಿ" ಎಂದು ಆಟೊದಿಂದ ಇಳಿದುಬಿಟ್ಟ. ಎದುರಿಗೇ ಬಾರ್. ನಾನು ತೋಳು ಹಿಡಿಯಲಿಲ್ಲ. ಹಿಡಿದು ಹಿಡಿದು ಸಾಕಾಗಿದೆ. ಅವನು ರಸ್ತೆಯ ಬದಿಗೆ ವಾಂತಿ ಮಾಡಿ, ನಡುಗುತ್ತಾ ಬಂದು ಮತ್ತೆ ನನ್ನ ಪಕ್ಕ ಕೂತ.

ಡಾಕ್ಟರು ನನ್ನನ್ನು ನೋಡಿ, "ನೀವು ಕರಕೊಂಡು ಬಂದ್ರೇನ್ರಿ?" ಎಂದರು. ನಾನು ಉತ್ತರಿಸುವ ಮೊದಲೇ ಆಶೀಷ್, "ಇಲ್ರಿ, ನಾನಾಗೇ ಬಂದೇನ್ರಿ. ಈಕಿ ನನ್ನ ಹೆಂಡ್ತಿ, ಜೋಡಿ ಬಂದಾಳ" ಎಂದ.

ಇಷ್ಟು ವರ್ಷ ಪಾಸ್ಟರ್ ಎದುರು, ಅವನ ಅಣ್ಣನ ಎದುರು, ಇನ್ನು ಕುಡಿಯುವುದಿಲ್ಲವೆಂದು ಅವನ ಪರವಾಗಿ ನಾನೇ ಮಾತು ಕೊಡುತ್ತಿದ್ದೆ. ಇವತ್ತು ಅವನೇ ಬಾಯಿ ಬಿಟ್ಟು ಹೇಳಿದ. ಗುಣವಾಗುತ್ತಾನೋ ಇಲ್ಲವೋ ತಿಳಿಯದು. ಬರುವಾಗ ಬಸ್ಸಿನಲ್ಲಿ ಮುಖಕ್ಕೆ ಸೆರಗು ಹಿಡಿದು ಅತ್ತುಬಿಟ್ಟೆ. ಅದು ದುಃಖವಲ್ಲ. ಏನೆಂದು ಬರೆಯಲಿ, ನಿದ್ದೆಗೆ ಕಣ್ಣು ಎಳೆಯುತ್ತಿದೆ.